ಪಾಠಕ್ಕೆ ಸಾಕ್ಷ್ಯಚಿತ್ರ ತೋರಿಸೋಕೆ ಪ್ರೊಜೆಕ್ಟರೋ ಟಿವಿಯೋ? ಅನುಭವ ಹೇಳಿ

ಕಡೂರು ಹೊಸ ಮೇಷ್ಟ್ರು: ನಮ್ಮದು ಸರ್ಕಾರಿ ಪ್ರೌಢಶಾಲೆ. ವಿಜ್ಞಾನ, ಸಮಾಜ ಎರಡಕ್ಕೂ ಸಾಕ್ಷ್ಯಚಿತ್ರ ತೋರಿಸೋ ಆಸೆ. ಹಳೆ ವಿದ್ಯಾರ್ಥಿಗಳು 40 ಸಾವಿರ ಕೊಡ್ತಾರಂತೆ. ಎಂಟನೇ ತರಗತಿಯಲ್ಲಿ 52 ಮಕ್ಕಳು. ನೆಟ್ ಬಂದರೆ ಬಂತು. ಏನು ಕೊಳ್ಳೋದು, ಕನ್ನಡದಲ್ಲಿ ಏನು ತೋರಿಸೋದು?

ಬಾಗಲಕೋಟಿ ಸರ್: ಪ್ರೊಜೆಕ್ಟರ್ ಸುದ್ದಿನ ಬ್ಯಾಡ್ರಿ. ನಾವು 34,500 ಕೊಟ್ಟು ತಂದ್ವಿ. ಆಮ್ಯಾಲೆ ಪರದೆ 4,200, ಸ್ಪೀಕರ್ 2,800, ಸ್ಟ್ಯಾಂಡು, ಉದ್ದನ ಎಚ್‌ಡಿಎಂಐ ವೈರು ಸೇರಿ 3,100. ಕಿಡಕಿಗೆ ಕರೇ ಪಡದಾ ಹೊಲಿಸಿದ 2,600 ನನ್ನ ಕಿಸೇದಾಗಿಂದ ಹೋತು. ಮಾರ್ಚದಾಗ ಪಡದಾ ಹಾಕಿದ್ರ ಖೋಲಿ ಒಲಿ ಆಕ್ಕಿತ್ತು, ತಗದ್ರ ಚಿತ್ರಾನ ಕಾಣ್ತಿದ್ದಿಲ್ಲ. ಕರೆಂಟ್ ಪಟ್ ಅಂತ ಹೋದ್ರ ಒಳಗಿನ ಫ್ಯಾನೂ ನಿಲ್ಲತೈತಿ, ಕಾದ ಲ್ಯಾಂಪ್ ತಣ್ಣಗಾಗೂದಿಲ್ಲ. ಹಂಗ ಆಗಿ ಆಗಿ ಒಂದಿನ ಢಬ್ ಅಂತು. ಹೊಸಾ ಲ್ಯಾಂಪಿಗೆ 7,800! ಡಬ್ಬಿ ಮ್ಯಾಲೆ ಸಾವಿರಗಟ್ಟಲೆ ಲುಮೆನ್ (ಬೆಳಕಿನ ಅಳತಿ) ಅಂತ ಬರದಿರ್ತಾರ, ನಂಬಬ್ಯಾಡ್ರಿ. ಎಎನ್‌ಎಸ್‌ಐ ಲುಮೆನ್, ಅಂದ್ರ ಗೊತ್ತುಮಾಡಿದ ಮಾನದಂಡದ ಪ್ರಕಾರ ಅಳದದ್ದು, ಎಷ್ಟು ಅಂತ ಕೇಳ್ರಿ, ಅಂಗಡ್ಯಾಂವ ಮಾರಿ ಆ ಕಡೆ ತಿರುಗಸ್ತಾನ.

ಪುತ್ತೂರು ಟೀಚರ್: ಅದಕ್ಕೇ ನಾವು 55 ಇಂಚಿನ ಟಿವಿ ತೆಗೆದುಕೊಂಡದ್ದು. ಪೆನ್‌ಡ್ರೈವ್ ಚುಚ್ಚಿದರೆ ಆಯಿತು, ನೆಟ್ಟೂ ಬೇಡ, ಕತ್ತಲೆಯೂ ಬೇಡ. ನನಗೆ ತಲೆಬಿಸಿ ಆದದ್ದು ವಿಡಿಯೊದ್ದೇ. ಹೃದಯದ ಪಾಠಕ್ಕೆ ಒಂದು ಚೆಂದದ ಅನಿಮೇಶನ್, ಅಪಧಮನಿ ಕೆಂಪು, ಅಭಿಧಮನಿ ಕಡುನೀಲಿ. ಕಿರುಪರೀಕ್ಷೆಯಲ್ಲಿ ಅರ್ಧ ತರಗತಿ "ಆಕ್ಸಿಜನ್ ಕಡಿಮೆಯಾದ ರಕ್ತ ನೀಲಿ" ಅಂತ ಬರೆದಿತ್ತು! ಅದು ಕಪ್ಪು ಛಾಯೆಯ ಕೆಂಪು, ನೀಲಿ ಬರೀ ಗುರುತಿಗೆ. ಈಗ ಆ ಜಾಗದಲ್ಲೇ ವಿಡಿಯೊ ನಿಲ್ಲಿಸಿ, "ಲ್ಯಾಬಿನಲ್ಲಿ ನಿಮ್ಮ ಕೈಯಿಂದ ತೆಗೆದ ರಕ್ತ ಯಾವ ಬಣ್ಣ ಇತ್ತು?" ಅಂತ ಕೇಳುತ್ತೇನೆ. ಜ್ವಾಲಾಮುಖಿಯದ್ದೂ ಅದೇ ಕಥೆ, ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್ ಇಡೀ ಕುದಿಯುವ ಸಾರಿನ ಹಾಗೆ ತೋರಿಸುತ್ತಾರೆ. ಅದು ಬಹುಪಾಲು ಘನ ಶಿಲೆಯೇ, ನಿಧಾನಕ್ಕೆ ಹರಿಯುತ್ತದೆ ಅಷ್ಟೆ.

ಬಾಗಲಕೋಟಿ ಸರ್: ಮೇಡಂ, ಅವರು 52 ಹುಡುಗ್ರು ಅಂದಾರ. ನಿಮ್ಮ ಟಿವ್ಯಾಗ ಹಿಂದಿನ ಬೆಂಚಿಗೆ ಅಕ್ಷರ ಕಾಣ್ತಾವೇನ್ರಿ?

ಪುತ್ತೂರು ಟೀಚರ್: ಅಕ್ಷರ ಓದಿಸಲಿಕ್ಕೆ ಬೋರ್ಡ್ ಉಂಟಲ್ಲ ಮಾರಾಯ್ರೆ? ನಮ್ಮ ಟಿವಿ ಉರಿಯುತ್ತಾ ಉಂಟು, ನಿಮ್ಮ ಪ್ರೊಜೆಕ್ಟರ್ ಎಲ್ಲುಂಟು?

ಬಾಗಲಕೋಟಿ ಸರ್: ಕಪಾಟಿನ್ಯಾಗ ಐತಿ. ಹಂಗ್ಸಬ್ಯಾಡ್ರಿ.

ಮೈಸೂರು ನಿವೃತ್ತ: ಯಂತ್ರದ ಮಾತೇ ಆಯ್ತಲ್ಲ. ಶ್ಯಾಮ್ ಬೆನಗಲ್ ಅವರ ಇತಿಹಾಸದ ಧಾರಾವಾಹಿ 'ಭಾರತ್ ಏಕ್ ಖೋಜ್' 1988ರಲ್ಲಿ ದೂರದರ್ಶನದಲ್ಲಿ ಬಂತು, 53 ಕಂತು. ನಾನು ಅದರಿಂದಲೇ ಹತ್ತು ಹತ್ತು ನಿಮಿಷದ ತುಣುಕು ಆರಿಸಿ, ದನಿ ಇಳಿಸಿ, ಕನ್ನಡದಲ್ಲಿ ನಾನೇ ಹೇಳ್ತಿದ್ದೆ. ಪಿರಿಯಡ್ ಪೂರ್ತಿ ವಿಡಿಯೊ ಹಾಕಿ ಹಿಂದೆ ಕೂತು ಅಂಕಪಟ್ಟಿ ಬರೆಯೋರನ್ನೂ ನೋಡಿದ್ದೇನೆ.

ಬೆಂಗಳೂರು ಸಮಾಜ: ಕನ್ನಡ ಮಾಧ್ಯಮದ ಮಕ್ಕಳಿಗೆ ಹಿಂದಿ ಧಾರಾವಾಹಿನಾ? ಚೆನ್ನಾಗಿದೆ. ಒಳ್ಳೇ ವನ್ಯಜೀವಿ ಚಿತ್ರಗಳು ಈಗ ಕನ್ನಡ ನಿರೂಪಣೆಯಲ್ಲೇ ಬರ್ತಿವೆ ಸಾರ್.

ಮೈಸೂರು ನಿವೃತ್ತ: ಈಗ! ಕನ್ನಡಕ್ಕೆ ಡಬ್ಬಿಂಗ್ ತಡೆಯೋದು ತಪ್ಪು ಅಂತ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬರೋ ತನಕ ಡಬ್ಬಿಂಗ್ ಬೇಡ ಅಂತ ಬೀದಿಗಿಳಿದವರು ಯಾರು? ಆವಾಗ ಕನ್ನಡದಲ್ಲಿ ನಾನೇನು ತೋರಿಸಬೇಕಿತ್ತು?

ಬೆಂಗಳೂರು ಸಮಾಜ: ನಾನಾಗ ಬಿ.ಎಡ್ ಓದ್ತಿದ್ದೆ. ನನ್ನ ಮೇಲೆ ಯಾಕೆ ಹರಿಹಾಯ್ತೀರಿ?

ಸಿಂಧನೂರು ಗುರುಗಳು: ಕೊಂಡು ತರೋದೇ ಯಾಕ್ರಿ? ಮಸ್ಕಿ ನಮಗೆ ಹತ್ತಿರ. ಅಲ್ಲಿಯ ಅಶೋಕನ ಶಾಸನ 1915ರಲ್ಲಿ ಸಿಕ್ಕಿದ್ದು. ಬ್ಯಾರೆ ಶಾಸನಗಳಾಗ ಬರೋ 'ದೇವಾನಾಂಪ್ರಿಯ' ಅನ್ನೋ ಬಿರುದಿನ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದೇ ಅದರಿಂದ. ಮೊಬೈಲಿನ್ಯಾಗ ನಾನೇ ಚಿತ್ರೀಕರಿಸಿದೆ, ನಿರೂಪಣೆ ಒಂಬತ್ತನೇ ತರಗತಿ ಹುಡುಗೀದು. ಬೆಳಕು ನೇರ ಬಿದ್ರ ಬರೀ ಬಂಡೆ ಕಾಣತದ, ಓರೆ ಬಿದ್ರ ಒಂದೊಂದೇ ಬ್ರಾಹ್ಮಿ ಅಕ್ಷರ ಮೇಲೇಳತದ. ಖರ್ಚು ಬಸ್ಸಿಂದು ಮತ್ತ ಚಾ.

ಬೆಂಗಳೂರು ಸಮಾಜ: ಮಸ್ಕಿಯಲ್ಲಿ ಹೃದಯದ ಕವಾಟ ಚಿತ್ರೀಕರಿಸೋಕೆ ಆಗುತ್ತಾ ಗುರುಗಳೇ? ಎಲ್ಲರ ಊರಲ್ಲೂ ಶಾಸನ ಇರಲ್ಲ.

ಸಿಂಧನೂರು ಗುರುಗಳು: ಕೆರಿ ಇರತದಲ್ಲ? ಹುಡುಕೋರಿಗೆ ಇರತದ.

ಕಡೂರು ಹೊಸ ಮೇಷ್ಟ್ರು: ಹಂಗಾದ್ರೆ ಟಿವಿನೇ ತಗೊಳ್ಳಲಾ? 55 ಸಾಕಾ?

ಬಾಗಲಕೋಟಿ ಸರ್: ತಗೋರಿ, ಆದ್ರ ಕರೆಂಟ್ ಹೋದಾಗ ನಡಸೂ ಯುಪಿಎಸ್‌ ಬ್ಯಾಟರಿಗೆ, ಬಾಗಲಾ ಬೀಗಕ್ಕ ರೊಕ್ಕ ಮೊದಲ ತಗದಿಡ್ರಿ. ಮತ್ತ ಮೇಡಂ, ನಮ್ಮ ಲ್ಯಾಂಪ್ 7,800ಕ್ಕ ಅಲ್ಲ, 6,900ಕ್ಕ ಸಿಗತೈತಂತ ನಿನ್ನೆ ಹುಬ್ಬಳ್ಳ್ಯಾಗ ಒಬ್ರು ಅಂದಾರ. ನೋಡಕೋತ ಇರ್ರಿ.