ಎಫ್‌ಟಿಪಿಯಲ್ಲಿ ಸೈಟ್ ಅಪ್‌ಲೋಡ್ ಮಾಡಿದವರು ಅನುಭವ ಹೇಳಿ

ಆನೆಗೊಂದಿ ಮನೆ:
ನಮಸ್ಕಾರ. ನಾನು, ನಮ್ಮ ಅತ್ತೆ ಸೇರಿ ಆನೆಗೊಂದಿ ಹತ್ತಿರ ಚಿಕ್ಕ ಹೋಮ್‌ಸ್ಟೇ ನಡೆಸುತ್ತೇವೆ. ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿ, ಎಲ್ಲಾ ಫೈಲನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ. ಈಗ ಫೋನ್ ಎತ್ತುತ್ತಿಲ್ಲ. ಸೈಟ್ ಇಡಲು ಸರ್ವರ್‌ನಲ್ಲಿ ಬಾಡಿಗೆ ಜಾಗ, ಅಂದರೆ ಹೋಸ್ಟಿಂಗ್ ತಗೊಂಡು, ಫೈಲುಗಳನ್ನು ಅಲ್ಲಿಗೆ ಎಫ್‌ಟಿಪಿ ವಿಧಾನದಲ್ಲಿ ಕಳಿಸುವ ಫೈಲ್‌ಝಿಲ್ಲಾ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುತ್ತದೆ, ಆದರೆ ಸರ್ವರ್ ಕಡೆಯ ಫೋಲ್ಡರ್ ಪಟ್ಟಿ ಬರುವುದಿಲ್ಲ. ಸ್ವಲ್ಪ ಹೊತ್ತು ಕಾದು ಕಟ್ ಆಗುತ್ತದೆ. ನೆಟ್ ಮೊಬೈಲ್ ಹಾಟ್‌ಸ್ಪಾಟ್‌ದು. ಇದರಲ್ಲೇ ಮುಂದುವರಿಯಲಾ, ಬೇರೆ ದಾರಿ ಹಿಡಿಯಲಾ?

ಕೌಲ್‌ಬಜಾರ್ ಡೆನಿಮ್:
ಮುಂದುವರಿಯಿರಿ ಅಕ್ಕಾ. ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೋಲ್‌ಸೇಲ್, ಸೈಟ್ ಶುರು ಮಾಡಿದಾಗಿನಿಂದ ಫೈಲ್‌ಝಿಲ್ಲಾ ಬಿಟ್ಟು ಬೇರೆ ಮುಟ್ಟಿಲ್ಲ. ಪುಕ್ಕಟೆ. 2001ರಿಂದ ಇದೆ, ಇನ್ನೂ ಅಪ್‌ಡೇಟ್ ಬರುತ್ತದೆ. ನಮ್ಮ ದುಡ್ಡು ಹೋಗಿದ್ದು ಹೋಸ್ಟಿಂಗಿಗೆ. ಮೊದಲ ವರ್ಷ 1,499 ಎಂದರು, ಜಿಎಸ್‌ಟಿ 18 ಪರ್ಸೆಂಟ್ ಸೇರಿ 1,769 ಆಯಿತು, ಪರವಾಗಿಲ್ಲ ಅಂದುಕೊಂಡೆ. ಎರಡನೇ ವರ್ಷದ ಬಿಲ್ 5,988, ಅದರ ಮೇಲೆ ಮತ್ತೆ ಟ್ಯಾಕ್ಸ್, ಒಟ್ಟು 7,066. ಫೋನ್ ಮಾಡಿ ಕೇಳಿದರೆ ‘ಮೊದಲಿನದು ಆಫರ್ ರೇಟ್ ಸರ್’ ಅಂತಾರೆ. ಅದೇ ಪ್ಯಾಂಟ್, ಅದೇ ಫೋಟೊ, ಅದೇ ಜಾಗ.

ಡೊಮೈನ್, ಅಂದರೆ ಸೈಟಿನ ವಿಳಾಸದ ಲೆಕ್ಕ ಬೇರೆ ಇದೆ. ನಮ್ಮ ಹಳೆ ಡೊಮೈನ್‌ನಲ್ಲಿ ಊರಿನ ಹೆಸರು ಬ್ರಿಟಿಷರ ಕಾಲದ ಸ್ಪೆಲಿಂಗಲ್ಲಿತ್ತು. 2014ರ ನವೆಂಬರ್ 1ಕ್ಕೆ ಇಂಗ್ಲಿಷ್‌ನಲ್ಲೂ ಬಳ್ಳಾರಿ ಅಂತಲೇ ಬರೆಯಬೇಕು ಎಂದಾಯಿತು. ಮುಂಬೈ ಪಾರ್ಟಿಗಳ ಹತ್ತಿರ ಹಳೆ ಕಾರ್ಡ್ ಇದೆ, ಹೊಸಬರು ಹೊಸ ಸ್ಪೆಲಿಂಗ್ ಹೊಡೆಯುತ್ತಾರೆ. ಹಾಗಾಗಿ ವರ್ಷ ವರ್ಷ ಎರಡಕ್ಕೂ ಕಟ್ಟುತ್ತಿದ್ದೇನೆ.

ಇನ್ನೊಂದು. ಸೈಟ್ ಮಾಡಿದವನ ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಚೆನ್ನಾಗಿ ಕಾಣುತ್ತಿತ್ತು, ಸರ್ವರಿಗೆ ಹಾಕಿದ ಮೇಲೆ ಅರ್ಧ ಫೋಟೊ ಮಾಯ. ವಿಂಡೋಸ್‌ಗೆ ಫೈಲ್ ಹೆಸರಿನಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ ಅವು ಬೇರೆ ಬೇರೆ ಫೈಲು. ಕ್ಯಾಮೆರಾ ಕೊಟ್ಟ ಹೆಸರಿನ ಕೊನೆಗೆ ದೊಡ್ಡ ಅಕ್ಷರದ ಜೆಪಿಜಿ, ಅವನು ಪುಟದಲ್ಲಿ ಬರೆದಿದ್ದು ಚಿಕ್ಕದು. ಸರಿ ಮಾಡಿಕೊಡು ಎಂದರೆ 1,200 ಕೇಳಿದ. ತನ್ನ ಕೆಲಸಕ್ಕೆ ತಾನೇ ರಿಪೇರಿ ಚಾರ್ಜ್!

ಗಂಜ್ ಗುಮಾಸ್ತ:
ಡೆನಿಮ್ ಅಣ್ಣನವರೇ, ದಯವಿಟ್ಟು ಹೊಸಬರಿಗೆ ಎಫ್‌ಟಿಪಿ ಹೇಳಿಕೊಡಬೇಡಿ. ನಾನು ಕೈ ಸುಟ್ಟುಕೊಂಡವನು. ರಾಯಚೂರು ರಾಜೇಂದ್ರ ಗಂಜ್‌ನಲ್ಲಿ ನಮ್ಮದು ಅಡತ್ ಅಂಗಡಿ. ಹತ್ತಿ, ತೊಗರಿ, ಭತ್ತದ ದರ ದಿನಾ ಸೈಟಿಗೆ ಹಾಕುತ್ತಿದ್ದೆವು. ಎಫ್‌ಟಿಪಿ 1971ರದ್ದು ಸ್ವಾಮಿ. ಬರೆದವರು ನಮ್ಮ ದೇಶದವರೇ, ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋದ ಅಭಯ್ ಭೂಷಣ್. ಆಗ ನೆಟ್‌ವರ್ಕ್‌ನಲ್ಲಿ ಇದ್ದಿದ್ದೇ ಕೆಲವು ಯೂನಿವರ್ಸಿಟಿ, ಲ್ಯಾಬುಗಳ ಕಂಪ್ಯೂಟರ್. ಕಳ್ಳರ ಯೋಚನೆ ಯಾರಿಗಿತ್ತು? ಅದಕ್ಕೇ ನಿಮ್ಮ ಪಾಸ್‌ವರ್ಡ್ ಪೋಸ್ಟ್ ಕಾರ್ಡಿನಲ್ಲಿ ಬರೆದ ಹಾಗೆ ಹೋಗುತ್ತದೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ಕಿತ್ತೇ ಹಾಕಿದವು.

ನಮ್ಮ ಕಥೆ ಕೇಳಿ. ಒಂದು ಬೆಳಿಗ್ಗೆ ದರದ ಪುಟ ತೆಗೆದರೆ ಹತ್ತಿ ಇಲ್ಲ, ತೊಗರಿ ಇಲ್ಲ, ಬರೀ ರಮ್ಮಿ ಆಟದ ಜಾಹೀರಾತು. ಮಧ್ಯಾಹ್ನದ ಹೊತ್ತಿಗೆ ಬ್ರೌಸರ್ ಕೆಂಪು ಪುಟ ತೋರಿಸತೊಡಗಿತು, ‘ಈ ಸೈಟ್ ಅಪಾಯಕಾರಿ’ ಅಂತ. ಅಂಗಡಿ ದಿವಾಳಿ ಆಯಿತಾ ಅಂತ ಲಿಂಗಸುಗೂರಿನಿಂದ ರೈತರು ಫೋನ್ ಮಾಡಿದರು! ಕ್ಲೀನ್ ಮಾಡಿದವನಿಗೆ 6,000. ಹೋಸ್ಟಿಂಗ್‌ನವರು ಹಳೆ ಬ್ಯಾಕಪ್ ಕೊಡಲು 2,500, ಅದೂ ಅರ್ಧ ಹಳೆಯ ಬ್ಯಾಕಪ್, ಮಧ್ಯದ ದರಪಟ್ಟಿ ಹೋಯಿತೆಂದರೆ ಹೋಯಿತು. ಲ್ಯಾಪ್‌ಟಾಪ್‌ಗೆ ವೈರಸ್ ಹೊಕ್ಕು, ಫೈಲ್‌ಝಿಲ್ಲಾದಲ್ಲಿ ಸೇವ್ ಆಗಿದ್ದ ಪಾಸ್‌ವರ್ಡನ್ನೇ ಎತ್ತಿಕೊಂಡು ಹೋಗಿತ್ತು. ಈಗ ವಿನ್‌ಎಸ್‌ಸಿಪಿ ಅನ್ನುವ ಬೇರೆ ಸಾಫ್ಟ್‌ವೇರ್, ಎಲ್ಲವನ್ನೂ ಗುಟ್ಟಾಗಿ ಕಳಿಸುವ ಎಸ್‌ಎಫ್‌ಟಿಪಿ, ಪಾಸ್‌ವರ್ಡ್ ಬದಲು ಕೀ ಫೈಲ್. ನೆಮ್ಮದಿ.

ಕೌಲ್‌ಬಜಾರ್ ಡೆನಿಮ್:
ಗುಮಾಸ್ತರೇ, ಲ್ಯಾಪ್‌ಟಾಪ್‌ಗೆ ವೈರಸ್ ಬಂದಿದ್ದು ಎಲ್ಲಿಂದ ಅಂತ ಹೇಳಲೇ ಇಲ್ಲವಲ್ಲ? ಕ್ರ್ಯಾಕ್ ಮಾಡಿದ ಟ್ಯಾಲಿನಾ? ಫೈಲ್‌ಝಿಲ್ಲಾದಲ್ಲೂ ಎಸ್‌ಎಫ್‌ಟಿಪಿ ಇದೆ. 2017ರಿಂದ ಮಾಸ್ಟರ್ ಪಾಸ್‌ವರ್ಡ್ ಕೂಡ ಇದೆ, ಹಾಕಿಕೊಂಡರೆ ಸೇವ್ ಆಗಿದ್ದು ಸುಮ್ನೆ ಓದಲು ಬರುವುದಿಲ್ಲ. ಸಾಫ್ಟ್‌ವೇರನ್ನು ಬೈಯುವ ಮೊದಲು ಅದರ ಸೆಟ್ಟಿಂಗ್ ತೆಗೆದು ನೋಡಬೇಕು.

ಗಂಜ್ ಗುಮಾಸ್ತ:
ನಮ್ಮ ಟ್ಯಾಲಿ ಲೈಸೆನ್ಸ್‌ದು, ಬಿಲ್ ಇದೆ, ಬೇಕಾದರೆ ಅಂಗಡಿಗೆ ಬಂದು ನೋಡಿ. ವೈರಸ್ ಬಂದಿದ್ದು ಪ್ರಿಂಟಿಂಗ್‌ನವರು ಕೊಟ್ಟ ಪೆನ್‌ಡ್ರೈವ್‌ನಿಂದ. 7,066 ಕಟ್ಟಿ ಸುಮ್ಮನೆ ಕೂತವರು ಬೇರೆಯವರ ಲೆಕ್ಕ ಕೇಳಬಾರದು.

ಕಿನ್ನಾಳ ಮಾಮ:
ಜಗಳ ಆಮೇಲೆ ಮಾಡಿ. ತಂಗಿ, ನಿಮ್ಮ ಸೈಟ್ ಕನ್ನಡದಲ್ಲಿದೆಯಾ? ಹಾಗಿದ್ದರೆ ಅಪ್‌ಲೋಡ್ ಮಾಡುವ ಮೊದಲು ಇದನ್ನು ಓದಿ. ಕಿನ್ನಾಳ ಗೊಂಬೆ ಮಾಡುವ ನಮ್ಮ ಸಂಬಂಧಿಕರಿಗೆ ಒಂದು ಸೈಟ್ ಮಾಡಿಸಿದೆವು. ಗರುಡ, ದಶಾವತಾರ, ಕಾಮಧೇನು, ಎಲ್ಲದಕ್ಕೂ ಕನ್ನಡದಲ್ಲಿ ವಿವರ. ಟೈಪ್ ಮಾಡಿದ್ದು ಕೊಪ್ಪಳದ ಒಂದು ಡಿಟಿಪಿ ಸೆಂಟರ್, ಪುಟಕ್ಕೆ 25 ರೂಪಾಯಿ. ಸೈಟ್ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು, ಏನೇನೋ. ಅಪ್‌ಲೋಡ್ ಕೆಟ್ಟಿದೆ ಅಂತ ಡಿಟಿಪಿಯವನು ಹೇಳಿದ. ಮತ್ತೆ ಅಪ್‌ಲೋಡ್ ಮಾಡಿದೆವು. ಸರ್ವರ್ ಸರಿ ಇಲ್ಲ ಅಂದ. ಹೋಸ್ಟಿಂಗೇ ಬದಲಿಸಿದೆವು, ಹಳೆಯವರು ಉಳಿದ ತಿಂಗಳ ದುಡ್ಡು ವಾಪಸ್ ಕೊಡಲಿಲ್ಲ, ಹೊಸದಕ್ಕೆ ಇನ್ನೂ 2,300 ಹೋಯಿತು. ಆದರೂ ಅದೇ ಅವತಾರ.

ಕೊನೆಗೆ ಗೊತ್ತಾಯಿತು, ಅವನು ನುಡಿ ಸಾಫ್ಟ್‌ವೇರ್‌ನ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದ. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಕೋಡು, ಮೇಲೆ ಕಾಣುವುದಷ್ಟೇ ಕನ್ನಡ. ನೋಡುವವರ ಹತ್ತಿರ ಆ ಫಾಂಟ್ ಇಲ್ಲದಿದ್ದರೆ ಮುಗಿಯಿತು. ಆ ಫಾಂಟ್ ಇಲ್ಲದವರಿಗೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಿಸಲು ಪುಟಕ್ಕೆ 15 ಅಂತ ಅವನೇ ಮತ್ತೆ ತಗೊಂಡ! ಬದಲಿಸುವಾಗ ಅರ್ಕಾವತ್ತು ಎಲ್ಲೆಲ್ಲೋ ಹಾರಿತು, ಕೂತು ತಿದ್ದಿದ್ದು ನಾನು. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಯುಟಿಎಫ್-8 ಆರಿಸಬೇಕು. ಆನ್ಸಿ ಆರಿಸಿದರೆ ಪುಟದ ತುಂಬಾ ಪ್ರಶ್ನೆ ಚಿಹ್ನೆ, ಹೋದ ಅಕ್ಷರ ಮತ್ತೆ ಬರುವುದಿಲ್ಲ. ಪುಟದ ಮೇಲ್ಭಾಗದಲ್ಲೂ ಯುಟಿಎಫ್-8 ಅಂತ ಬರೆದಿರಬೇಕು. ಇದಕ್ಕೂ ಎಫ್‌ಟಿಪಿಗೂ ಸಂಬಂಧವೇ ಇಲ್ಲ ನೋಡಿ.

ಹೊಸಪೇಟೆ ಬೈಪಾಸ್:
ಇಷ್ಟೆಲ್ಲಾ ಯಾಕೆ? ಎಲ್ಲಾ ಫೈಲನ್ನೂ ಜಿಪ್ ಮಾಡಿ, ಹೋಸ್ಟಿಂಗ್‌ನವರು ಕೊಡುವ ಸಿ-ಪ್ಯಾನೆಲ್ ಪುಟದ ಫೈಲ್ ಮ್ಯಾನೇಜರ್‌ಗೆ ಹೋಗಿ, ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ನಲ್ಲಿ ಅಪ್‌ಲೋಡ್ ಮಾಡಿ ಎಕ್ಸ್‌ಟ್ರ್ಯಾಕ್ಟ್ ಒತ್ತಿದರಾಯಿತು. ನಮ್ಮ ಲಾಡ್ಜಿನ ಸೈಟ್ ಹೀಗೇ ಮಾಡಿದ್ದು. ಎಫ್‌ಟಿಪಿಯಲ್ಲಿ ಪ್ರತಿ ಫೈಲಿಗೂ ಹೊಸ ಕನೆಕ್ಷನ್ ತೆರೆಯಬೇಕು, ಚಿಕ್ಕ ಚಿಕ್ಕ ಫೈಲ್ ಜಾಸ್ತಿ ಇದ್ದರೆ ಟೀ ಕುಡಿದು ಬಂದರೂ ಮುಗಿಯುವುದಿಲ್ಲ. ಜಿಪ್ ಒಂದೇ ಫೈಲ್. ಎಫ್‌ಟಿಪಿ ಎಲ್ಲಾ ವಯಸ್ಸಾದವರಿಗೆ.

ಕೌಲ್‌ಬಜಾರ್ ಡೆನಿಮ್:
ಜಿಪ್ ಮಾಡುವಾಗ ಹೊರಗಿನ ಫೋಲ್ಡರ್ ಕೂಡ ಸೇರಿಕೊಳ್ಳುತ್ತದೆ, ಇಂಡೆಕ್ಸ್ ಪುಟ ಒಂದು ಫೋಲ್ಡರ್ ಒಳಗೆ ಕೂರುತ್ತದೆ, ಸೈಟ್ ತೆರೆದರೆ 403, ಅಂದರೆ ‘ನೋಡಲು ಅನುಮತಿ ಇಲ್ಲ’ ಅಂತ ಬರುತ್ತದೆ. ಅದನ್ನು ಹೇಳಲಿಲ್ಲ ಯಾಕೆ? ಆಮೇಲೆ, ಇಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದವರು ಮಾತಾಡುತ್ತಿದ್ದೇವೆ. ನೀವು 2021ರಲ್ಲೇ ಬೇರೆ ಜಿಲ್ಲೆ ತಗೊಂಡು ಹೋದಿರಲ್ಲ.

ಹೊಸಪೇಟೆ ಬೈಪಾಸ್:
ಸರ್ವರ್‌ಗೆ ಜಿಲ್ಲೆ ಗೊತ್ತಾಗುತ್ತಾ ಅಣ್ಣ? ಜಿಲ್ಲೆ ಬೇಕಾಗಿದ್ದು ಯಾಕೆ ಅಂತ ನಿಮ್ಮ ಈ ಮಾತಿನಲ್ಲೇ ಗೊತ್ತಾಗುತ್ತದೆ.

ಕಿನ್ನಾಳ ಮಾಮ:
ಕೊಪ್ಪಳ ಕೂಡ 1997ರವರೆಗೆ ರಾಯಚೂರಿನಲ್ಲೇ ಇತ್ತು. ಹಾಗಾದರೆ ನಾನೂ ಹೊರಗೆ ಹೋಗಲಾ?

ಸಿಂಧನೂರು ಪೋರ:
ಯಾರಾದರೂ ಈ ಕಾಲದಲ್ಲಿ ಹೋಸ್ಟಿಂಗ್‌ಗೆ ದುಡ್ಡು ಕೊಡುತ್ತಾರಾ? ಸೈಟನ್ನು ಪುಕ್ಕಟೆ ಇಟ್ಟುಕೊಳ್ಳುವ ಗಿಟ್‌ಹಬ್ ಪೇಜಸ್‌ಗೆ ಫೈಲ್ ಪುಶ್ ಮಾಡಿ, ಅಂದರೆ ಕಳಿಸಿ, ಮುಗೀತು. ಒಂದು ಜಿಬಿ ತನಕ ಸೈಟ್ ಪುಕ್ಕಟೆ, ಎಚ್‌ಟಿಟಿಪಿಎಸ್ ಪುಕ್ಕಟೆ, ಹಳೆ ಆವೃತ್ತಿ ಬೇಕೆಂದರೆ ಹಿಂದೆ ಹೋಗಬಹುದು. ಗುಮಾಸ್ತ ಅಂಕಲ್ ಹಾಗೆ ಬ್ಯಾಕಪ್‌ಗೆ 2,500 ಕೊಡುವ ಗೋಳಿಲ್ಲ. ನನ್ನ ಕಾಲೇಜ್ ಪ್ರಾಜೆಕ್ಟ್ ಅಲ್ಲೇ ಇದೆ, ಒಂದು ರೂಪಾಯಿ ಖರ್ಚಾಗಿಲ್ಲ.

ಗಂಜ್ ಗುಮಾಸ್ತ:
ಅವರ ನಿಯಮ ಓದಿದೀಯಾ ಮರಿ? ವ್ಯಾಪಾರದ ಸೈಟ್ ನಡೆಸಲು ಅದನ್ನು ಪುಕ್ಕಟೆ ಹೋಸ್ಟಿಂಗ್ ಆಗಿ ಬಳಸಬೇಡಿ ಅಂತ ಅದರಲ್ಲೇ ಇದೆ. ಅವರದು ಹೋಮ್‌ಸ್ಟೇ, ಪ್ರಾಜೆಕ್ಟ್ ಅಲ್ಲ. ಮಾರ್ಕ್ಸ್ ಬಂದರೆ ನಿನಗೆ ಸಾಕು, ಅವರಿಗೆ ಗಿರಾಕಿ ಬರಬೇಕು. ಅಂಕಲ್ ಅಂತೆ!

ಶಕ್ತಿನಗರ ಕತ್ತಲೆ:
ನೆಟ್ ಬಗ್ಗೆ ಯಾರೂ ಹೇಳುತ್ತಿಲ್ಲ. ಪಕ್ಕದಲ್ಲೇ ಥರ್ಮಲ್ ಪ್ಲಾಂಟ್, ರಾಜ್ಯಕ್ಕೆಲ್ಲಾ ಕರೆಂಟ್ ಕೊಡುತ್ತದೆ, ನಮ್ಮ ಓಣಿಯಲ್ಲಿ ಅಪ್‌ಲೋಡ್ ಮಧ್ಯೆ ಹೋಗುತ್ತದೆ. ಅರ್ಧ ಹೋದ ಫೈಲ್ ಸರ್ವರ್‌ನಲ್ಲಿ ಅರ್ಧವೇ ಕೂರುತ್ತದೆ, ಪುಟ ನೋಡಿದರೆ ಕೆಳಗಿನ ಭಾಗ ಖಾಲಿ. ಹೆಸರು ಮಾತ್ರ ಪಟ್ಟಿಯಲ್ಲಿ ಇರುತ್ತದೆ, ಅದಕ್ಕೇ ಎಲ್ಲಾ ಹೋಗಿದೆ ಅನಿಸುತ್ತದೆ. ಎರಡೂ ಕಡೆ ಫೈಲ್ ಸೈಜ್ ಹೋಲಿಸಿ ನೋಡಿ. ಫೈಲ್‌ಝಿಲ್ಲಾದ ಕೆಳಗಡೆ ಫೇಲಾದ ಫೈಲುಗಳ ಟ್ಯಾಬ್ ಇದೆ, ಅದನ್ನು ನೋಡದೆ ಮುಚ್ಚಬೇಡಿ. ಯುಪಿಎಸ್‌ಗೆ 4,200 ಕೊಟ್ಟೆ, ರೂಟರ್‌ಗೆ ಬೇರೆ ಚಿಕ್ಕ ಯುಪಿಎಸ್ 1,350, ಬ್ಯಾಟರಿ ಎರಡು ಬೇಸಿಗೆಯಲ್ಲಿ ಉಬ್ಬಿತು. ವಾರಂಟಿ ಕೇಳಿದರೆ ಬಿಸಿಲಿಗೆ ವಾರಂಟಿ ಇಲ್ಲ ಅಂದರು. ರಾಯಚೂರಲ್ಲಿ ಬಿಸಿಲು ಬಿಟ್ಟು ಏನಿರುತ್ತದೆ?

ಆನೆಗೊಂದಿ ಮನೆ:
ಎಲ್ಲರಿಗೂ ಧನ್ಯವಾದ. ಆದರೆ ನನಗೆ ಪಟ್ಟಿಯೇ ಬರುತ್ತಿಲ್ಲವಲ್ಲ, ಅದಕ್ಕೇನು ಮಾಡಲಿ?

ಗಂಜ್ ಗುಮಾಸ್ತ:
ಎಫ್‌ಟಿಪಿಗೆ ಎರಡು ಕನೆಕ್ಷನ್ ಬೇಕು. ಪಾಸ್‌ವರ್ಡ್, ಆಜ್ಞೆಗಳು ಪೋರ್ಟ್ 21ರಲ್ಲಿ, ಅಂದರೆ 21ನೇ ನಂಬರಿನ ಬಾಗಿಲಲ್ಲಿ ಹೋಗುತ್ತವೆ, ಫೈಲು ಮತ್ತು ಪಟ್ಟಿ ಬೇರೆ ಪೋರ್ಟ್‌ನಲ್ಲಿ ಬರುತ್ತವೆ. ನಿಮಗೆ ಮೊದಲನೆಯದು ಆಗಿದೆ, ಎರಡನೆಯದು ಆಗುತ್ತಿಲ್ಲ. ಆಕ್ಟಿವ್ ಮೋಡ್ ಇದ್ದರೆ ಸರ್ವರೇ ನಿಮ್ಮ ಕಂಪ್ಯೂಟರನ್ನು ಹುಡುಕಿಕೊಂಡು ಬರಬೇಕು. ಮೊಬೈಲ್ ನೆಟ್‌ನಲ್ಲಿ ಸಾಮಾನ್ಯವಾಗಿ ತುಂಬಾ ಜನರಿಗೆ ಸೇರಿ ಒಂದೇ ಐಪಿ ವಿಳಾಸ, ಹಾಗಾಗಿ ಸರ್ವರ್‌ಗೆ ನೀವು ಸಿಗುವುದಿಲ್ಲ. ಪ್ಯಾಸಿವ್ ಮಾಡಿ, ಆಗ ಎರಡೂ ಕನೆಕ್ಷನ್ ನಿಮ್ಮ ಕಡೆಯಿಂದಲೇ ಹೋಗುತ್ತವೆ. ಅದಾಗಲೇ ಪ್ಯಾಸಿವ್ ಇದ್ದರೆ ಎಫ್‌ಟಿಪಿ ಬಿಟ್ಟು ಎಸ್‌ಎಫ್‌ಟಿಪಿ ಆರಿಸಿ ಪೋರ್ಟ್ 22 ಹಾಕಿ, ಅದರಲ್ಲಿ ಎಲ್ಲಾ ಒಂದೇ ಕನೆಕ್ಷನ್‌ನಲ್ಲಿ ಹೋಗುತ್ತದೆ. ಕೆಲವು ಹೋಸ್ಟಿಂಗ್‌ನಲ್ಲಿ ಎಸ್‌ಎಫ್‌ಟಿಪಿ ಓಡುವ ಎಸ್‌ಎಸ್‌ಎಚ್ ಅನ್ನುವ ಸುರಕ್ಷಿತ ದಾರಿಯನ್ನು ಆನ್ ಮಾಡಿಸಬೇಕು, ಪೋರ್ಟ್ ನಂಬರ್ ಬೇರೆ ಇರಬಹುದು, ಅವರನ್ನೇ ಕೇಳಿ. ಎಸ್‌ಎಫ್‌ಟಿಪಿ ಅಂತ ನಾನು ಬೆಳಿಗ್ಗೆಯೇ ಹೇಳಿದ್ದು.

ಕೌಲ್‌ಬಜಾರ್ ಡೆನಿಮ್:
ಫೈಲ್‌ಝಿಲ್ಲಾದಲ್ಲೇ ಮಾಡಿ ಅಕ್ಕಾ. ಅದನ್ನೂ ನಾನು ಬೆಳಿಗ್ಗೆಯೇ ಹೇಳಿದ್ದೆ.

ಆನೆಗೊಂದಿ ಮನೆ:
ಪ್ಯಾಸಿವ್ ಮೊದಲೇ ಇತ್ತು. 22 ಹಾಕಿದ ಮೇಲೆ ಪಟ್ಟಿ ಬಂತು, ಫೈಲ್ ಹೋಗುತ್ತಿದೆ. ಡೆನಿಮ್ ಸರ್, ಆ 7,066 ಬಿಲ್ ಕೊಟ್ಟ ಕಂಪನಿ ಯಾವುದು? ನನ್ನದೂ ಮೊದಲ ವರ್ಷದ ಆಫರ್.

ಹೊಸಪೇಟೆ ಬೈಪಾಸ್:
ನನಗೂ ಹೇಳಿ, ನಮ್ಮ ಲಾಡ್ಜಿನದು ಮುಂದಿನ ತಿಂಗಳು ರಿನೀವಲ್ ಇದೆ.

ಕೌಲ್‌ಬಜಾರ್ ಡೆನಿಮ್:
ಅಕ್ಕಾ, ನಿಮಗೆ ಇನ್‌ಬಾಕ್ಸ್ ಮಾಡಿದ್ದೇನೆ. ಬೈಪಾಸ್‌ನವರು ನಿಮ್ಮ ಜಿಲ್ಲೆಯಲ್ಲಿ ವಿಚಾರಿಸಿಕೊಳ್ಳಿ.