ನಡೆದು ಆಡಬೇಕಾ, ಕಾರ್ಟಲ್ಲಿ ಹೋಗಬೇಕಾ? ಫಿಸಿಯೋ ಮೇಡಂಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಗಾಲ್ಫ್ ಕೋರ್ಸನ್ನು ನಡೆದೇ ಮುಗಿಸಬೇಕಾ, ಕಾರ್ಟಲ್ಲಿ (ಕೋರ್ಸಿನೊಳಗೆ ಓಡಿಸುವ ಚಿಕ್ಕ ಗಾಡಿ) ಹೋದರೆ ಪರವಾಗಿಲ್ವಾ ಅಂತ ಈ ಗುಂಪಿನಲ್ಲಿ ವಾರಕ್ಕೊಂದು ಸಲ ಮಾತು ಏಳುತ್ತದೆ. ನಮ್ಮ ಗುಂಪಿನಲ್ಲೇ ಇರುವ ಫಿಸಿಯೋಥೆರಪಿಸ್ಟ್ ಮೇಡಂ ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ಅವರೂ ಆಡುವವರೇ. ದಯವಿಟ್ಟು ಮೇಲಿನ ಉತ್ತರಗಳನ್ನು ಓದಿ ಆಮೇಲೆ ಕೇಳಿ.

ಬೆಳಗಿನ ಫೋರ್‌ಸಮ್: ಮೇಡಂ, ನಡೆದು ಆಡಿದರೆ ನಿಜವಾಗಿ ಎಷ್ಟು ಲಾಭ? ಕಾರ್ಟಲ್ಲಿ ಹೋಗುವವರೂ ಹತ್ತಿ ಇಳಿದು ಓಡಾಡುತ್ತಾರಲ್ವಾ?

ಫಿಸಿಯೋ: ಓಡಾಡುತ್ತಾರೆ, ಆದರೆ ವ್ಯತ್ಯಾಸ ಇದೆ. ಹದಿನೆಂಟು ಹೋಲ್, ಅಂದರೆ ಆಟದ ಒಂದು ಪೂರ್ತಿ ಸುತ್ತು, ನಡೆದರೆ ಸಾಮಾನ್ಯವಾಗಿ 8ರಿಂದ 10 ಕಿಲೋಮೀಟರ್ ಆಗುತ್ತದೆ. ಸ್ಕೋರ್ ಕಾರ್ಡಿನಲ್ಲಿ ಇರುವ ಉದ್ದ ಇದಕ್ಕಿಂತ ಕಡಿಮೆ, ಯಾಕಂದರೆ ಗ್ರೀನಿನಿಂದ (ಕುಳಿ ಇರುವ ಹುಲ್ಲುಹಾಸು) ಮುಂದಿನ ಟೀಗೆ (ಮೊದಲ ಹೊಡೆತದ ಜಾಗ) ಹೋಗುವುದು, ಬದಿಯ ಉದ್ದ ಹುಲ್ಲಿನ ರಫ್‌ನಲ್ಲಿ ಚೆಂಡು ಹುಡುಕುವುದು ಅದರಲ್ಲಿ ಸೇರಿಲ್ಲ. ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಅಂತ ಇಟ್ಟುಕೊಳ್ಳಿ. ಕಾರ್ಟಲ್ಲಿ ಆಡಿದರೆ ಸುಮಾರು 3.5, ಬ್ಯಾಗ್ ಹೊತ್ತು ನಡೆದರೆ 4.3, ಟ್ರಾಲಿಯಲ್ಲಿ ಎಳೆದು ನಡೆದರೆ 5.3. ಅಂದರೆ ಕಾರ್ಟ್ ಅಂದ ಮಾತ್ರಕ್ಕೆ ಸೊನ್ನೆ ಅಲ್ಲ. ಆದರೆ ನಡೆಯುವವರ ಎದೆ ಬಡಿತ ಗಂಟೆಗಟ್ಟಲೆ ಒಂದು ಹದದಲ್ಲಿ ಏರಿ ನಿಲ್ಲುತ್ತದೆ. ಕಾರ್ಟಲ್ಲಿ ಅದು ಏರುತ್ತದೆ, ಕೂತ ಕೂಡಲೇ ಇಳಿಯುತ್ತದೆ.

ಏಳನೇ ಐರನ್: ಕಾರ್ಟಲ್ಲಿ ಆಡಿದರೆ ತೂಕ ಇಳಿಯುತ್ತಾ ಮೇಡಂ?

ಫಿಸಿಯೋ: ಸ್ವಲ್ಪ ಸಹಾಯ ಆಗುತ್ತದೆ. ನಡೆದರೆ ಜಾಸ್ತಿ. ಊಟ ಹೇಗಿದೆ ಅನ್ನುವುದರ ಮೇಲೆ ಉಳಿದದ್ದು.

ಬಂಕರ್ ಬಂಧು: ನನಗೆ ಮಂಡಿ ಸವೆತ ಇದೆ. ಮಂಡಿ ಉಳಿಸಿಕೊಳ್ಳಲು ಪೂರ್ತಿ ಕಾರ್ಟಿಗೆ ಬಂದುಬಿಟ್ಟಿದ್ದೇನೆ. ಸರೀನಾ?

ಫಿಸಿಯೋ: ಪೂರ್ತಿ ಬಿಡಬೇಡಿ. ಸವೆತ ಇರುವ ಮಂಡಿಗೂ ನಡಿಗೆ ಬೇಕು, ತೊಡೆಯ ಸ್ನಾಯು ಸೊರಗಿದರೆ ಮಂಡಿಯ ಮೇಲಿನ ಭಾರ ಇನ್ನೂ ಹೆಚ್ಚುತ್ತದೆ. ಇನ್ನೊಂದು ವಿಷಯ, ನೀವು ಬಲಗೈ ಆಟಗಾರರಾದರೆ ಸ್ವಿಂಗ್ ಮುಗಿಯುವಾಗ ಎಡ ಮಂಡಿ ತಿರುಚಿಕೊಂಡು ಭಾರ ತಗೊಳ್ಳುತ್ತದೆ. ಆ ಹೊಡೆತವನ್ನು ಯಾವ ಕಾರ್ಟೂ ತಪ್ಪಿಸುವುದಿಲ್ಲ. ಎಡಪಾದವನ್ನು ಗುರಿಯ ಕಡೆ ಸ್ವಲ್ಪ ತೆರೆದಿಟ್ಟು ಹೊಡೆದು ನೋಡಿ. ಸಮತಟ್ಟಾದ ಹೋಲ್‌ಗಳನ್ನು ನಡೆಯಿರಿ, ಇಳಿಜಾರಿನಲ್ಲಿ ಕಾರ್ಟ್ ಹತ್ತಿ. ಮರುದಿನ ಬೆಳಿಗ್ಗೆ ಮಂಡಿ ಊದಿಕೊಂಡಿದ್ದರೆ ಹಿಂದಿನ ದಿನ ಜಾಸ್ತಿ ಆಯಿತು ಅಂತ ಅರ್ಥ, ಮುಂದಿನ ಸಲ ಎರಡು ಹೋಲ್ ಕಡಿಮೆ ಮಾಡಿ.

ಎಡಗೈ ಆಟಗಾರ: ಬಂಕರ್ ಬಂಧು ಅವರೇ, ತಾಮ್ರದ ಬಳೆ ಹಾಕಿಕೊಳ್ಳಿ. ನನಗೆ ಬಂದ ಮೆಸೇಜ್ ಹಾಕುತ್ತೇನೆ ನೋಡಿ, 'ತಾಮ್ರ ಮಂಡಿಯ ಉರಿಯನ್ನು ಹೀರುತ್ತದೆ, 21 ದಿನದಲ್ಲಿ ಫಲ' ಅಂತ ಇದೆ.

ಫಿಸಿಯೋ: ಹೀರುವುದಿಲ್ಲ. ಬಳೆ ಹಾಕಿಕೊಂಡರೆ ತೊಂದರೆ ಇಲ್ಲ, ಆದರೆ ಅದನ್ನು ನಂಬಿ ವ್ಯಾಯಾಮ ಬಿಡಬೇಡಿ.

ಹಿಂದಿನ ಒಂಬತ್ತು: ನಮಸ್ಕಾರ ಮೇಡಂ. ವಯಸ್ಸು 61. ಎಂಟು ತಿಂಗಳಿಂದ ನಡೆಯುವಾಗ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಮೊದಲು ಒಂಬತ್ತನೇ ಹೋಲ್ ಹತ್ತಿರ ಬರುತ್ತಿತ್ತು, ಆಮೇಲೆ ನಾಲ್ಕನೇ ಹೋಲಿನ ಏರಿನಲ್ಲೇ ಶುರುವಾಯಿತು. ಎರಡು ನಿಮಿಷ ನಿಂತರೆ ಪೂರ್ತಿ ಹೋಗುತ್ತದೆ. ಎರಡು ತಿಂಗಳಿಂದ ಕಾರ್ಟ್ ತಗೊಳ್ಳುತ್ತಿದ್ದೇನೆ, ನೋವೇ ಇಲ್ಲ. ಹಾಗಾದರೆ ಕಾರ್ಟೇ ನನಗೆ ಸರಿ ಅಲ್ವಾ? ಇನ್ನೊಂದು ಸಣ್ಣ ಪ್ರಶ್ನೆ. ಹೊಸ ಶೂ ಕಚ್ಚಿ ಅದೇ ಕಾಲಿನ ಹಿಮ್ಮಡಿಯಲ್ಲಿ ಗಾಯ ಆಗಿದೆ, ಮೂರು ವಾರ ಆದರೂ ಒಣಗಿಲ್ಲ. ಯಾವ ಥರದ ಶೂ ಒಳ್ಳೇದು?

ಫಿಸಿಯೋ: ಶೂ ವಿಷಯ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡಿ. ಸಕ್ಕರೆ ಕಾಯಿಲೆ ಇದೆಯಾ? ಸಿಗರೇಟು? ನೋವು ಬಂದಾಗ ಬರೀ ನಿಂತರೆ ಸಾಕಾ, ಇಲ್ಲ ಕೂರಲೇಬೇಕಾ? ಗಾಯದ ಫೋಟೋ ಈಗಲೇ ಕಳಿಸಿ, ಪಾದ ಪೂರ್ತಿ ಕಾಣುವ ಹಾಗೆ.

ಬೆಳಗಿನ ಫೋರ್‌ಸಮ್: ನನ್ನ ಅಭಿಪ್ರಾಯ ಹೇಳುತ್ತೇನೆ, ಗಾಲ್ಫ್ ಅಂದರೆ ನಡೆಯುವುದೇ. ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ 1949ರಲ್ಲಿ ಬಸ್ಸಿಗೆ ಡಿಕ್ಕಿಯಾಗಿ ಮತ್ತೆ ನಡೆಯುತ್ತಾರಾ ಅನ್ನುವ ಸ್ಥಿತಿಯಲ್ಲಿದ್ದರು. 1950ರಲ್ಲಿ ಮೆರಿಯನ್‌ನಲ್ಲಿ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಒಂದೇ ದಿನ 36 ಹೋಲ್ ನಡೆದು, ಸ್ಕೋರ್ ಸಮವಾದದ್ದಕ್ಕೆ ಮರುದಿನ ಪ್ಲೇಆಫ್ ಆಡಿ ಯುಎಸ್ ಓಪನ್ ಗೆದ್ದರು. ನಮಗೆ ಹದಿನೆಂಟು ಕಷ್ಟವಾ?

ಎಡಗೈ ಆಟಗಾರ: ಹೋಗನ್ ಮಾಡಿದರು ಅಂತ ಎಲ್ಲರೂ ಮಾಡಬೇಕಾ? ಅಮೆರಿಕದ ಆಟಗಾರ ಕೇಸಿ ಮಾರ್ಟಿನ್ ಹೆಸರು ಕೇಳಿದ್ದೀರಾ? ಹುಟ್ಟಿನಿಂದಲೇ ಬಲಗಾಲಿನ ರಕ್ತ ಸಂಚಾರದ ತೊಂದರೆ. ಕಾರ್ಟ್ ಬೇಕು ಅಂದದ್ದಕ್ಕೆ ಅಲ್ಲಿ ವೃತ್ತಿಪರ ಟೂರ್ನಿ ನಡೆಸುವ ಪಿಜಿಎ ಟೂರ್ ಒಪ್ಪಲಿಲ್ಲ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಆಟದ ಜೀವಾಳ ಹೊಡೆತ, ನಡಿಗೆ ಅಲ್ಲ ಅಂತ ಕೋರ್ಟೇ ಹೇಳಿದೆ.

ಬೆಳಗಿನ ಫೋರ್‌ಸಮ್: ಅದು ಅಂಗವೈಕಲ್ಯದ ಕಾನೂನಿನ ಅಡಿಯಲ್ಲಿ ಕೊಟ್ಟ ತೀರ್ಪು. ನಿಮಗೆ ಯಾವ ವೈಕಲ್ಯ ಇದೆ? 2019ರಲ್ಲಿ ವೃತ್ತಿಪರ ಆಟಗಾರ ಜಾನ್ ಡೇಲಿಗೆ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಮಂಡಿಗಾಗಿ ಕಾರ್ಟ್ ಕೊಟ್ಟರು, ಅದೇ ವರ್ಷ ಉತ್ತರ ಐರ್ಲೆಂಡಿನ ಪೋರ್ಟ್‌ರಷ್‌ನ ಓಪನ್‌ನಲ್ಲಿ ಕೊಡಲಿಲ್ಲ. ಎಲ್ಲರೂ ಒಪ್ಪಿಕೊಂಡ ಮಾತಲ್ಲ ಇದು.

ಮೊದಲ ಟೀ: ಎಲೆಕ್ಟ್ರಿಕ್ ಟ್ರಾಲಿ ತಗೊಳ್ಳಬೇಕು ಅಂತಿದ್ದೇನೆ. ಮೂರು ಗಾಲಿ ಒಳ್ಳೇದಾ ನಾಲ್ಕು ಗಾಲಿಯಾ?

ಹಿಂದಿನ ಒಂಬತ್ತು: ಮೇಡಂ, ಸಕ್ಕರೆ 12 ವರ್ಷದಿಂದ ಇದೆ. ಸಿಗರೇಟು ಹೋದ ವರ್ಷ ಬಿಟ್ಟೆ. ನೋವಿಗೆ ಬರೀ ನಿಂತರೆ ಸಾಕು. ಫೋಟೋ ಹಾಕಿದ್ದೇನೆ. ಗಾಯ ಅಷ್ಟೇನೂ ನೋಯುವುದಿಲ್ಲ.

ಫಿಸಿಯೋ: ನೋಯುವುದಿಲ್ಲ ಅನ್ನುವುದೇ ನನಗೆ ಜಾಸ್ತಿ ಚಿಂತೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ, ಮನೆಯವರಿಗೂ ಓದಿಸಿ.

ಫೋಟೋದಲ್ಲಿ ಗಾಯ ಒಂದು ಬಟನ್ ಅಗಲ ಇದೆ. ಅಂಚು ಬೆಳ್ಳಗೆ, ನಡುವೆ ಕಪ್ಪು ಚುಕ್ಕೆ, ಸುತ್ತ ಕೆಂಪೇ ಇಲ್ಲ. ವಾಸಿಯಾಗುವ ಗಾಯ ಹೀಗೆ ಕಾಣುವುದಿಲ್ಲ, ಅದಕ್ಕೆ ರಕ್ತ ಬರಬೇಕು. ಪಾದದ ಮೇಲಿನ ಚರ್ಮ ಹೊಳೆಯುತ್ತಿದೆ, ಬೆರಳುಗಳ ಮೇಲೆ ಒಂದು ಕೂದಲೂ ಇಲ್ಲ. ಮೀನಖಂಡ ಅಷ್ಟೇ ದೂರ ನಡೆದಾಗ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ದಿನ ಕಳೆದ ಹಾಗೆ ಆ ದೂರ ಕಡಿಮೆಯಾಗುತ್ತಿದೆ. ಇದೆಲ್ಲ ಒಟ್ಟಿಗೆ ನೋಡಿದರೆ ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿರಬಹುದು ಅನ್ನುವ ಬಲವಾದ ಸಂಶಯ ಬರುತ್ತದೆ. ನಡೆಯುವಾಗ ಸ್ನಾಯು ಹೆಚ್ಚು ರಕ್ತ ಕೇಳುತ್ತದೆ, ನಾಳ ಕೊಡಲಾಗುವುದಿಲ್ಲ, ಅದೇ ನೋವು. ಬೆನ್ನುಹುರಿಯ ಜಾಗ ಕಿರಿದಾದರೂ ನಡೆಯುವಾಗ ಕಾಲು ಹಿಡಿಯುತ್ತದೆ, ಆದರೆ ಅದು ಬರೀ ನಿಂತರೆ ಹೋಗುವುದು ಕಡಿಮೆ. ಕೂರಬೇಕು ಅಥವಾ ಮುಂದೆ ಬಗ್ಗಬೇಕು. ಟ್ರಾಲಿ ಮೇಲೆ ಒರಗಿ ತಳ್ಳಿದರೆ ಅವರಿಗೆ ಹಾಯಾಗಿರುತ್ತದೆ. ಅದಕ್ಕೇ ನಿಲ್ಲುತ್ತೀರಾ ಕೂರುತ್ತೀರಾ ಅಂತ ಕೇಳಿದ್ದು.

ಕಾರ್ಟ್ ನಿಮ್ಮನ್ನು ಗುಣ ಮಾಡಿಲ್ಲ. ನೋವು ಬರುವಷ್ಟು ದೂರ ನಡೆಯುವುದನ್ನು ನಿಲ್ಲಿಸಿದಿರಿ, ಅದಕ್ಕೆ ನೋವು ಕಾಣುತ್ತಿಲ್ಲ. ಒಳಗೆ ಕಾಯಿಲೆ ಮುಂದುವರಿದಿದೆ, ಅದಕ್ಕೆ ಸಾಕ್ಷಿ ಆ ಹಿಮ್ಮಡಿ. ಕಾಲಿನ ನಾಳ ಕಟ್ಟಿದವರಲ್ಲಿ ಹೃದಯದ, ಮೆದುಳಿನ ನಾಳಗಳಲ್ಲೂ ತೊಂದರೆ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ಇದು ಬರೀ ಕಾಲಿನ ಮಾತಲ್ಲ.

ನಾಳೆ ಅಲ್ಲ, ಇವತ್ತೇ ಆಸ್ಪತ್ರೆಗೆ ಹೋಗಿ. ರಕ್ತನಾಳದ ಶಸ್ತ್ರತಜ್ಞರಿದ್ದರೆ ಅವರಿಗೇ ತೋರಿಸಿ. ಕಾಲಿನ ಗಿಣ್ಣಿನ ಹತ್ತಿರ ಮತ್ತು ತೋಳಿನಲ್ಲಿ ರಕ್ತದೊತ್ತಡ ನೋಡಿ ಎರಡನ್ನೂ ಹೋಲಿಸುತ್ತಾರೆ. ಗಿಣ್ಣಿನದನ್ನು ತೋಳಿನದರಿಂದ ಭಾಗಿಸಿದಾಗ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಇದೆ ಅಂತ. ಒಂದು ಮಾತು ನೆನಪಿಡಿ. ಸಕ್ಕರೆ ಕಾಯಿಲೆಯಲ್ಲಿ ನಾಳ ಗಡಸಾಗಿ ಈ ಅಂಕಿ ಸುಳ್ಳಾಗಿ ಚೆನ್ನಾಗಿ ಬರಬಹುದು, ಆಗ ಹೆಬ್ಬೆರಳಿನ ಒತ್ತಡ ನೋಡಬೇಕು. ಅದನ್ನು ಕೇಳಿ ಮಾಡಿಸಿಕೊಳ್ಳಿ. ಕಾಲು ಒಮ್ಮೆಲೇ ತಣ್ಣಗಾದರೆ, ಬಿಳುಚಿದರೆ, ಕೂತಾಗಲೂ ನೋವು ಬಂದರೆ ಸೀದಾ ತುರ್ತು ವಿಭಾಗಕ್ಕೆ ಹೋಗಿ.

ಅಲ್ಲಿಯವರೆಗೆ ಗಾಲ್ಫ್ ಬೇಡ. ಕಾರ್ಟಲ್ಲೂ ಬೇಡ. ಆ ಶೂ ಹಾಕಬೇಡಿ.

ಪಟರ್ ಪ್ರೇಮಿ: ಸರ್, ಹೆದರಬೇಡಿ, ನಮ್ಮ ಭಾವನಿಗೂ ಹೀಗೇ ಇತ್ತು. ಈ ಮೆಸೇಜ್ ನೋಡಿ. 'ಮೀನಖಂಡ ನೋವಿಗೆ ಬಿಗಿಯಾದ ಸ್ಟಾಕಿಂಗ್ಸ್ ಹಾಕಿ ಮಲಗಿ, ಪಾದಕ್ಕೆ ಬಿಸಿನೀರಿನ ಬ್ಯಾಗ್ ಕಟ್ಟಿ, ಏಳು ರಾತ್ರಿಯಲ್ಲಿ ನಾಳ ತೆರೆದುಕೊಳ್ಳುತ್ತದೆ.' ಎಷ್ಟೋ ಜನಕ್ಕೆ ಗುಣ ಆಗಿದೆಯಂತೆ.

ಫಿಸಿಯೋ: ದಯವಿಟ್ಟು ಅದನ್ನು ಅಳಿಸಿ. ಈಗಲೇ ಅಳಿಸಿ. ರಕ್ತವೇ ಸರಿಯಾಗಿ ಹೋಗದ ಕಾಲಿಗೆ ಬಿಗಿ ಸ್ಟಾಕಿಂಗ್ಸ್ ಹಾಕಿದರೆ ಹೋಗುತ್ತಿರುವ ರಕ್ತವೂ ನಿಲ್ಲಬಹುದು. ಸಕ್ಕರೆ ಕಾಯಿಲೆಯಲ್ಲಿ ಸ್ಪರ್ಶ ಮಂದವಾಗಿರುತ್ತದೆ, ಬಿಸಿ ಬ್ಯಾಗಿನಿಂದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಇಂಥ ಮೆಸೇಜ್ ನಂಬಿ ಬಂದವರ ಪಾದಗಳನ್ನು ನಾನು ನೋಡಿದ್ದೇನೆ. ಬೆರಳು ಹೋಗಿದೆ. ಯಾರೋ ಕಳಿಸಿದ್ದನ್ನು ಇನ್ನೊಬ್ಬರ ಗಾಯದ ಮೇಲೆ ಪ್ರಯೋಗ ಮಾಡಬೇಡಿ.

ಪಟರ್ ಪ್ರೇಮಿ: ಒಳ್ಳೇದಾಗಲಿ ಅಂತ ಹಾಕಿದ್ದು ಮೇಡಂ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ.

ಫಿಸಿಯೋ: ಹೇಳಬೇಕಾಗಿತ್ತು.

ಏಳನೇ ಐರನ್: ಹಾಗಾದರೆ ತೂಕಕ್ಕೆ ಕಾರ್ಟ್ ಬೇಡ ಅಂತಾನಾ ಕೊನೆಗೆ?

ಫಿಸಿಯೋ: ಮೇಲೆ ಇದೆ.

ಬಂಕರ್ ಬಂಧು: ಗುಡುಗು ಬಂದರೆ ಕಾರ್ಟೊಳಗೆ ಕೂರಬಹುದಾ? ಮೇಲೆ ಚಾವಣಿ ಇದೆ, ಕೆಳಗೆ ರಬ್ಬರ್ ಟೈರ್ ಇದೆ.

ಫಿಸಿಯೋ: ಬೇಡ. ಚಾವಣಿಯೂ ಕಾಪಾಡುವುದಿಲ್ಲ, ಟೈರೂ ಕಾಪಾಡುವುದಿಲ್ಲ. ಕಟ್ಟಡದೊಳಗೆ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ.

ಎಡಗೈ ಆಟಗಾರ: ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 3 ಲಕ್ಷ ಗಾಲ್ಫ್ ಆಟಗಾರರ ಲೆಕ್ಕ ತೆಗೆದಿದ್ದಾರೆ, ಸಾವಿನ ಪ್ರಮಾಣ 40 ಶೇಕಡಾ ಕಡಿಮೆ, ಆಯುಷ್ಯ 5 ವರ್ಷ ಜಾಸ್ತಿ ಅಂತ. ಹೇಗೆ ಆಡಿದರೂ ಆಯಿತು ಅಲ್ವಾ ಫೋರ್‌ಸಮ್ ಅವರೇ?

ಬೆಳಗಿನ ಫೋರ್‌ಸಮ್: ಅದು ನಡೆದು ಆಡುವುದರ ಲಾಭ. ಕಾರ್ಟಿನಲ್ಲಿ ಕಾಲು ಚಾಚಿ ಕೂರುವವರು ಅದರಲ್ಲಿ ಪಾಲು ಕೇಳಬೇಡಿ.

ಎಡಗೈ ಆಟಗಾರ: ನಿಮ್ಮ ಹಿಂದೆ ಆಡುವವರನ್ನು ಕೇಳಿ, ನೀವು ನಡೆದು ನಡೆದು ಎಷ್ಟು ಹೊತ್ತು ಕಾಯಿಸುತ್ತೀರಿ ಅಂತ.

ಬೆಳಗಿನ ಫೋರ್‌ಸಮ್: ಕಾಯಿಸುವುದು ನೀವು. ಕಾರ್ಟ್ ದಾರಿಯಲ್ಲಿ ನಿಲ್ಲಿಸಿ, ಚೆಂಡಿನ ತನಕ ನಡೆದು, ಬೇರೆ ಕ್ಲಬ್ ಬೇಕು ಅಂತ ವಾಪಸ್ ಓಡುತ್ತೀರಿ. ನಾನು ಕಣ್ಣಾರೆ ನೋಡಿದ್ದೇನೆ.

ಫಿಸಿಯೋ: ಆ ಅಧ್ಯಯನದ ಬಗ್ಗೆ ಒಂದು ಮಾತು. ಆರೋಗ್ಯ ಚೆನ್ನಾಗಿರುವವರೇ ಗಾಲ್ಫ್ ಆಡುತ್ತಿರುತ್ತಾರೆ, ಆದ್ದರಿಂದ ಪೂರ್ತಿ ಲಾಭ ಗಾಲ್ಫಿನಿಂದಲೇ ಬಂತು ಅನ್ನಲು ಆಗುವುದಿಲ್ಲ. ಇಬ್ಬರೂ ಅದನ್ನು ಆಯುಧ ಮಾಡಿಕೊಳ್ಳಬೇಡಿ.

ಪಟರ್ ಪ್ರೇಮಿ: ಬಿಸಿಲಲ್ಲಿ ನಡೆಯುವವರು ಉಪ್ಪಿನ ಮಾತ್ರೆ ನುಂಗಿದರೆ ಏನೂ ಆಗುವುದಿಲ್ಲ. 1964ರ ಯುಎಸ್ ಓಪನ್‌ನಲ್ಲಿ ಅಮೆರಿಕದ ಆಟಗಾರ ಕೆನ್ ವೆಂಚುರಿ ಹಾಗೇ ಗೆದ್ದದ್ದು.

ಫಿಸಿಯೋ: ಪೂರ್ತಿ ಹೇಳಿ. ಕೊನೆಯ ದಿನ 36 ಹೋಲ್, ವಿಪರೀತ ಸೆಕೆ, ಬೆಳಗಿನ ಸುತ್ತು ಮುಗಿಯುವಷ್ಟರಲ್ಲಿ ಅವರು ಕುಸಿಯುವ ಸ್ಥಿತಿಗೆ ಬಂದಿದ್ದರು. ಮಧ್ಯಾಹ್ನ ವೈದ್ಯರು ಪಕ್ಕದಲ್ಲೇ ನಡೆದರು. ಮುಂದಿನ ವರ್ಷದಿಂದ ಒಂದೇ ದಿನ 36 ಹೋಲ್ ಆಡಿಸುವುದನ್ನೇ ಬಿಟ್ಟರು. ನೀರು ಕುಡಿಯಿರಿ, ನೆರಳಲ್ಲಿ ನಿಲ್ಲಿ. ತಲೆ ತಿರುಗಿದರೆ, ಬೆವರಿನ ಜೊತೆ ಚಳಿ ಬಂದರೆ ಆಟ ನಿಲ್ಲಿಸಿ. ಬಿಪಿ ಇರುವವರು ವೈದ್ಯರನ್ನು ಕೇಳದೆ ಉಪ್ಪಿನ ಮಾತ್ರೆ ಮುಟ್ಟಬೇಡಿ. ಪಟರ್ ಪ್ರೇಮಿ ಅವರೇ, ಇದು ನಿಮ್ಮ ಎರಡನೇ ಸಲಹೆ. ಮೂರನೆಯದು ಬೇಡ.

ಮೊದಲ ಟೀ: ಟ್ರಾಲಿ ಬಗ್ಗೆ ಯಾರಾದರೂ ಹೇಳಿ. ಮೂರು ಗಾಲಿಯಾ ನಾಲ್ಕಾ?

ಏಳನೇ ಐರನ್: ಮಗಳಿಗೆ ಒಂಬತ್ತು ವರ್ಷ, ಕಾರ್ಟಲ್ಲಿ ಪಕ್ಕ ಕೂರಿಸಿಕೊಳ್ಳಬಹುದಾ?

ಫಿಸಿಯೋ: ಹೆಚ್ಚಿನ ಕಾರ್ಟ್‌ಗಳಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ, ಬದಿಗೆ ಬಾಗಿಲೂ ಇಲ್ಲ. ತಿರುವಿನಲ್ಲಿ ಮಕ್ಕಳು ಹೊರಗೆ ಎಸೆಯಲ್ಪಟ್ಟು ತಲೆಗೆ ಪೆಟ್ಟಾಗುತ್ತದೆ. ಕೂತಾಗ ಪಾದ ಕಾರ್ಟಿನ ನೆಲಕ್ಕೆ ಊರುವಷ್ಟು ಮಗು ಎತ್ತರ ಇರಬೇಕು, ಕೈಗೆ ಹಿಡಿ ಸಿಗಬೇಕು. ಇಲ್ಲದಿದ್ದರೆ ನಡೆಸಿಕೊಂಡು ಹೋಗಿ. ದೊಡ್ಡವರೂ ಕಾಲು ಹೊರಗೆ ಇಳಿಬಿಡಬೇಡಿ. ಬಹಳಷ್ಟು ಕಾರ್ಟ್‌ಗಳಿಗೆ ಬ್ರೇಕ್ ಇರುವುದು ಹಿಂದಿನ ಗಾಲಿಗೆ ಮಾತ್ರ, ಒದ್ದೆ ಇಳಿಜಾರಿನಲ್ಲಿ ಜಾರಿ ಅಡ್ಡ ತಿರುಗುತ್ತದೆ.

ಎಡಗೈ ಆಟಗಾರ: ನೋಡಿ, ಕಾರ್ಟ್ ಅಂದರೆ ಬರೀ ದೋಷವೇ ಹೇಳುತ್ತಾರೆ. ಫೋರ್‌ಸಮ್ ಅವರ ಪಾರ್ಟಿ ಸೇರಿದ್ದಾರೆ.

ಅಡ್ಮಿನ್: ಎಡಗೈ ಅವರೇ, ಸಾಕು. ಫೋರ್‌ಸಮ್ ಅವರೇ, ನೀವೂ ಸಾಕು ಮಾಡಿ. ಇನ್ನೊಂದು ಸಲ ವೈಯಕ್ತಿಕ ಮಾತು ಬಂದರೆ ಇಬ್ಬರನ್ನೂ ತೆಗೆಯುತ್ತೇನೆ.

ಫಿಸಿಯೋ: ನನಗೆ ಯಾವ ಪಾರ್ಟಿಯೂ ಇಲ್ಲ. ಮಂಡಿಯವರಿಗೆ ಅರ್ಧ ಕಾರ್ಟ್ ಹೇಳಿದ್ದು ನಾನೇ. ಹಿಂದಿನ ಒಂಬತ್ತು ಅವರು ಎಲ್ಲಿ? ಆಸ್ಪತ್ರೆಗೆ ಹೋದರಾ? ಯಾರಿಗಾದರೂ ಅವರ ನಂಬರ್ ಗೊತ್ತಿದ್ದರೆ ಫೋನ್ ಮಾಡಿ.

ಹಿಂದಿನ ಒಂಬತ್ತು: ಮೇಡಂ, ನಿನ್ನೆ ಸಂಜೆಯೇ ಹೋದೆ, ಬರೆಯಲು ಆಗಲಿಲ್ಲ. ಎಡ ಗಿಣ್ಣಿನದು 0.58 ಬಂತು, ಬಲಗಡೆ 0.84. ಹೆಬ್ಬೆರಳಿನದನ್ನೂ ಕೇಳಿ ನೋಡಿಸಿಕೊಂಡೆ, ಅದೂ ಕಡಿಮೆ. ದಾಖಲು ಮಾಡಿಕೊಂಡಿದ್ದಾರೆ, ಸ್ಕ್ಯಾನ್ ನಾಳೆ. ಇನ್ನೂ ಒಂದು ತಿಂಗಳು ಬಿಟ್ಟಿದ್ದರೆ ಹಿಮ್ಮಡಿ ಕಷ್ಟ ಆಗುತ್ತಿತ್ತು ಅಂದರು. ನನಗೆ ಒಂದೇ ಆಸೆ, ಮತ್ತೆ ನಡೆದು ಆಡಬಹುದಾ?

ಫಿಸಿಯೋ: ಹೋದಿರಲ್ಲ, ನನಗೆ ಜೀವ ಬಂತು. ಮೊದಲು ರಕ್ತದ ದಾರಿ ಸರಿಯಾಗಲಿ, ಗಾಯ ಮುಚ್ಚಲಿ. ಅಲ್ಲಿಯವರೆಗೆ ಹಿಮ್ಮಡಿಯ ಮೇಲೆ ಭಾರವೇ ಬೇಡ. ಆಮೇಲೆ ನಿಮ್ಮ ವೈದ್ಯರು ಒಪ್ಪಿದರೆ ಈ ಕಾಯಿಲೆಗೆ ನಡಿಗೆಯೇ ಒಂದು ಚಿಕಿತ್ಸೆ. ನೋವು ಸಾಕಷ್ಟು ಬರುವವರೆಗೆ ನಡೆಯುವುದು, ಪೂರ್ತಿ ಹೋಗುವವರೆಗೆ ನಿಲ್ಲುವುದು, ಮತ್ತೆ ನಡೆಯುವುದು. ವಾರಕ್ಕೆ ಮೂರು ದಿನ, ಕನಿಷ್ಠ 12 ವಾರ, ಯಾರಾದರೂ ಜೊತೆಯಲ್ಲಿ ನಿಂತು ನೋಡಿಕೊಂಡರೆ ಇನ್ನೂ ಒಳ್ಳೇದು. ನಡೆಯುವ ದೂರ ನಿಧಾನಕ್ಕೆ ಹೆಚ್ಚುತ್ತದೆ. ಸಿಗರೇಟು ಮತ್ತೆ ಮುಟ್ಟಬೇಡಿ. ದಿನಾ ರಾತ್ರಿ ಎರಡೂ ಪಾದಗಳ ಅಡಿಯನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ, ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ತಡವಿ ನೋಡಿ, ಒಂದು ಕಲ್ಲಿನ ಚೂರಿದ್ದರೂ ನಿಮ್ಮ ಪಾದಕ್ಕೆ ಗೊತ್ತಾಗುವುದಿಲ್ಲ. ಸ್ಕ್ಯಾನ್ ರಿಪೋರ್ಟ್ ಬಂದ ಕೂಡಲೇ ಇಲ್ಲಿ ಬೇಡ, ನನಗೆ ನೇರವಾಗಿ ಕಳಿಸಿ.