ವಿಷಯ: ‘ಬಯಲಾಜಿಕ್’ಗೆ ಕನ್ನಡ ಪದ, ಸಂಜೆಯೊಳಗೆ ಬೇಕು

ಗೆಳೆಯರೇ,
ಟಕಯಾಸು ಆರ್ಟರೈಟಿಸ್ ಇರುವ ಮಕ್ಕಳ ಮನೆಯವರಿಗೆ ಕೊಡುವ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಅಚ್ಚಿಗೆ. ಮಹಾಪಧಮನಿ ಮತ್ತದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ ಒಳದಾರಿ ಕಿರಿದಾಗುವ ಕಾಯಿಲೆ, ಹೆಚ್ಚಾಗಿ 40ರೊಳಗಿನ ಹೆಣ್ಣುಮಕ್ಕಳಿಗೆ. (ಟಕಯಾಸು 1908ರಲ್ಲಿ ಇದನ್ನು ವರದಿ ಮಾಡಿದ ಜಪಾನಿನ ಕಣ್ಣಿನ ವೈದ್ಯರ ಹೆಸರು. ದಯವಿಟ್ಟು ಅದನ್ನು ಮುಟ್ಟಬೇಡಿ.) ಸ್ಟೀರಾಯ್ಡ್ ಇಳಿಸಿದಾಗ ಮರುಕಳಿಸಿದರೆ ಇನ್‌ಫ್ಲಿಕ್ಸಿಮ್ಯಾಬ್, ಟೊಸಿಲಿಝುಮ್ಯಾಬ್ ಥರದ ‘ಬಯಲಾಜಿಕ್’ ಔಷಧಗಳನ್ನು ಕೊಡುತ್ತಾರೆ. ಇವಕ್ಕೆ ‘ಜೈವಿಕ ಔಷಧ’ ಎಂದು ಬರೆದಿದ್ದೆ. ಕರಡು ಓದಿದ ತಾಯಿಯೊಬ್ಬರು, “ಜೈವಿಕ ಗೊಬ್ಬರದ ಹಾಗಾ? ಸೈಡ್ ಎಫೆಕ್ಟ್ ಇರಲ್ಲ ಬಿಡಿ” ಅಂದರು. ಶುರುಮಾಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು ಅನ್ನುವುದೇ ಕರಪತ್ರದ ಜೀವಾಳ!

> ಇವಕ್ಕೆ ‘ಜೈವಿಕ ಔಷಧ’
‘ಜೀವಿಮದ್ದು’ ಅನ್ನಿ. ಮೊದಲು ‘ಅಪಧಮನಿ’ ಕಿತ್ತುಹಾಕಿ. ಧಮನಿ ಎಂದರೆ ಊದುವ ಕೊಳವೆ, ‘ಧಮ್’ ಧಾತು. ಗ್ರೀಕರ ‘ಆರ್ಟೀರಿಯಾ’ ಕೂಡ ಮೊದಲು ಶ್ವಾಸನಾಳದ ಹೆಸರು. ಹೆಣ ಕೊಯ್ದಾಗ ಬರಿದಾಗಿ ಕಂಡದ್ದಕ್ಕೆ ಅದರೊಳಗೆ ಗಾಳಿ ಓಡುತ್ತದೆಂದು ನಂಬಿದ್ದರು. ಆ ತಪ್ಪನ್ನು ನಾವೇಕೆ ಹೊರಬೇಕು? ‘ನೆತ್ತರುಗೊಳವೆ’ ಸಾಕು.

> ‘ಜೀವಿಮದ್ದು’ ಅನ್ನಿ
‘ಜೀವಿ’ ಯಾವ ಊರಿನ ಕನ್ನಡ ಸ್ವಾಮಿ? ಅಭಿಧಮನಿಯೂ ನೆತ್ತರುಗೊಳವೆಯೇ, ಅದನ್ನೇನು ಮಾಡುತ್ತೀರಿ? ಮದ್ದು ಕರಾವಳಿಗೆ ಸರಿ. ನಮ್ಮ ಮಂಡ್ಯದ ಕಡೆ “ಮದ್ದು ಹಾಕವ್ರೆ” ಅಂದರೆ ಅರ್ಥವೇ ಬೇರೆ. ‘ಬಯಲಾಜಿಕ್ ಇಂಜೆಕ್ಷನ್’ ಎಂದು ಬರೆದು ಮುಗಿಸಿ.

> ಅಂದರೆ ಅರ್ಥವೇ ಬೇರೆ
‘ಚುಚ್ಚುಮದ್ದು’ ಅನ್ನುವಾಗ ಮಂಡ್ಯದವರಿಗೆ ವಶೀಕರಣ ನೆನಪಾಗುವುದಿಲ್ಲವೋ? “ಅಡ್ಮಿಟ್ ಆದರು, ಡಿಸ್ಚಾರ್ಜ್ ಆದರು” ಎನ್ನುತ್ತ ಕನ್ನಡಕ್ಕೆ ‘ಆದರು’ ಒಂದನ್ನೇ ಉಳಿಸಿದ್ದೀರಿ.

ಇಬ್ಬರಿಗೂ ವಂದನೆ. ‘ಚುಚ್ಚುಮದ್ದು’ ನನಗೂ ಇಷ್ಟ. ಆದರೆ ಜನ ಅದನ್ನು ಲಸಿಕೆ ಎಂದೇ ಓದಿಕೊಳ್ಳುತ್ತಾರೆ, ಈ ಔಷಧ ನಡೆಯುವಾಗ ಜೀವಂತ ರೋಗಾಣುವಿನ ಲಸಿಕೆ ಹಾಕಿಸಬಾರದು ಎಂಬ ಸಾಲು ಪಕ್ಕದಲ್ಲೇ ಇದೆ. ಹಾಗಾಗಿ ‘ಬಯಲಾಜಿಕ್’ ಉಳಿಸಿ, ಕೆಳಗೆ ಹೀಗೆ ಹಾಕಿದೆ: “ಜೀವಕೋಶಗಳಲ್ಲಿ ತಯಾರಿಸಿದ ಪ್ರೋಟೀನ್ ಔಷಧ. ಉರಿಯೂತ ತಗ್ಗಿಸುತ್ತದೆ, ಜೊತೆಗೆ ಸೋಂಕು ತಡೆಯುವ ಶಕ್ತಿಯನ್ನೂ ತಗ್ಗಿಸುತ್ತದೆ.” ಕಾಯಿಲೆಗೆ ‘ನಾಡಿ ಸಿಗದ ಕಾಯಿಲೆ’ ಎಂದೆ. ಆ ತಾಯಿ ತಕ್ಷಣ ಮಗಳ ಎಡಗೈ ಹಿಡಿದು ತೋರಿಸಿದರು, “ಇಲ್ಲೇ, ಇಲ್ಲೇ ಸಿಗ್ತಿರಲಿಲ್ಲ.”

> ‘ನಾಡಿ ಸಿಗದ ಕಾಯಿಲೆ’
ನಾಡಿ ಸಂಸ್ಕೃತ.